ಸೋಫಾದ ಮೇಲಿನ ಬೇಟೆನಾಯಿ

ಮಾರ್ಚ್ 9, ಶನಿವಾರ

ಬಟ್ಟೆ ಒಗೆದು ಹಾಕಿದೆ. ಬೀನ್ಸ್ ಒಲೆಯ ಮೇಲೆ. ಮಳೆ ಬರುವ ಹಾಗಿತ್ತು, ಬರಲಿಲ್ಲ. ಬಂದದ್ದು ನಾಯಿ.

ಡೆಲ್ಮರ್ ಬೆಳಿಗ್ಗೆ ಅವನ ಅಣ್ಣ ಹೋಬರ್ಟನ ಮನೆಗೆ ಹೋಗಿದ್ದ, ಟ್ರಕ್ಕಿಗೆ ಫ್ಯಾನ್ ಬೆಲ್ಟ್ ತರಲು. ಮಧ್ಯಾಹ್ನಕ್ಕೆ ವಾಪಸ್. ಬೆಲ್ಟ್ ಇಲ್ಲ. ಪಕ್ಕದ ಸೀಟಿನಲ್ಲಿ, ನಾನು ಕೂರುವ ಜಾಗದಲ್ಲಿ, ಒಂದು ಕೂನ್‌ಹೌಂಡ್ ಬೇಟೆನಾಯಿ. ಮೈತುಂಬ ಕಪ್ಪು-ನೀಲಿ ಚುಕ್ಕೆ, ಯಾರೋ ಶಾಯಿ ಕೊಡವಿದ ಹಾಗೆ. ಕಿವಿಗಳು ಒಗೆದು ಹಿಂಡದೆ ನೇತುಹಾಕಿದ ಕಾಲುಚೀಲ. ವಾಸನೆ... ಬರೆಯುವುದು ಬೇಡ.

"ಏನಿದು?"

"ನಾಯಿ."

"ಕಣ್ಣಿದೆ ನಂಗೆ. ಯಾಕೆ ಅಂತ ಕೇಳಿದ್ದು."

ಹೋಬರ್ಟ್ ಅದನ್ನು ಗುಡ್ಡದ ಹಿಂದೆ ಕರೆದುಕೊಂಡು ಹೊರಟಿದ್ದನಂತೆ. ಹೆಗಲ ಮೇಲೆ ಬಂದೂಕು. ಈ ಜಾತಿಯ ನಾಯಿ ಕೋಳಿ ಕದಿಯುವ ರಕೂನಿನ ಜಾಡು ಹಿಡಿದು ಓಡಬೇಕು, ಅದನ್ನು ಮರ ಹತ್ತಿಸಬೇಕು, ಒಡೆಯ ಬರುವವರೆಗೂ ಬುಡದಲ್ಲಿ ನಿಂತು ಕೂಗಬೇಕು. ಹುಟ್ಟುವುದೇ ಅದಕ್ಕೆ. ಇದು ಜಾಡು ಹಿಡಿಯುತ್ತದಂತೆ, ಮರದವರೆಗೂ ಹೋಗುತ್ತದಂತೆ. ಆಮೇಲೆ ಬಾಯಿ ಬಿಡುವುದಿಲ್ಲ. ಕೂತು ಆಕಾಶ ನೋಡುತ್ತದೆ.

"ನಿಮ್ಮಣ್ಣ ಗುಂಡು ಹಾಕ್ಬೇಕು ಅಂತಿದ್ದದ್ದಕ್ಕೆ ನಾನು ಅನ್ನ ಹಾಕ್ಬೇಕಾ?"

"ಕೆಸ್ಸಿಗೆ ಒಂದು ನಾಯಿ ಬೇಕು ಅಂತಿತ್ತಲ್ಲ, ವೆಲ್ಡಾ."

"ಮಗಳು ಕೇಳಿದ್ದು ಮಡಿಲಲ್ಲಿ ಕೂರೋ ಅಂಥದ್ದು."

ನಾಯಿ ಅಷ್ಟರಲ್ಲಿ ಟ್ರಕ್ಕಿನಿಂದ ಇಳಿದು, ನೇರ ಮನೆಯೊಳಗೆ ಹೋಗಿ, ಸೋಫಾ ಹತ್ತಿ ಮಲಗಿತು. ಕೇಳಿದವರಿಲ್ಲ, ಹೇಳಿದವರಿಲ್ಲ. ಆ ಮನೆತನದವರದ್ದೇ ನಡತೆ.

ಮಾರ್ಚ್ 10, ಭಾನುವಾರ

ಚರ್ಚಿಗೆ ಹೋಗುವಾಗ ಹಿಂದಿನ ಜಗಲಿಯಲ್ಲಿ ಕಟ್ಟಿಹಾಕಿ ಹೋದೆವು. ವಾಪಸ್ ಬರುವಾಗ ರಸ್ತೆ ತಿರುವಿನಲ್ಲೇ ಕೇಳಿಸಿತು. ಬೊಗಳುವುದಲ್ಲ. ಊಳಿಡುವುದೂ ಅಲ್ಲ. ಹಿತ್ತಾಳೆಯ ಕೊಳವೆಯೊಳಗೆ ಬಾಯಿಟ್ಟು ಯಾರೋ ಸತ್ತವರಿಗೆ ಅತ್ತ ಹಾಗೆ. ಕಣಿವೆಯ ಈ ಗುಡ್ಡಕ್ಕೆ ಬಡಿದು ಆ ಗುಡ್ಡಕ್ಕೆ ಬಡಿದು ಮತ್ತೆ ನಮ್ಮ ತಲೆಯ ಮೇಲೇ.

ಮರದ ಬುಡದಲ್ಲಿ ಬಾಯಿ ಬಿಡದ ನಾಯಿ ನನ್ನ ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ.

ಪಕ್ಕದ ಮನೆಯ ಟ್ರೂಲಾ ಬೇಲಿ ಹತ್ತಿರ ಕಾಯುತ್ತಿದ್ದಳು. "ನಾವು ಚರ್ಚಿಗೆ ಹೋಗ್ಲಿಲ್ಲ ವೆಲ್ಡಾ, ಚರ್ಚೇ ಇಲ್ಲಿಗ್ ಬಂದಿತ್ತು" ಎಂದಳು. ನಗಲಿಲ್ಲ. ನಾನೂ ನಗಲಿಲ್ಲ.

ಕೆಸ್ಸಿ ಅದಕ್ಕೆ ಓಪಲ್ ಎಂದು ಹೆಸರಿಟ್ಟಿದ್ದಾಳೆ. ಓಪಲ್ ಅಂತೆ. ರತ್ನ.

ಮಾರ್ಚ್ 14

ಕೆಲಸದಿಂದ ಬಂದಾಗ ಅಡಿಗೆಮನೆಯ ನೆಲ ಹೊಳೆಯುತ್ತಿತ್ತು. ಯಾರೋ ಒರೆಸಿದ್ದಾರೆ ಎಂದು ಒಂದು ಕ್ಷಣ ಖುಷಿಪಟ್ಟೆ. ನೆಕ್ಕಿದ್ದು. ರಾತ್ರಿಗೆಂದು ಇಟ್ಟಿದ್ದ ಹಂದಿಮಾಂಸ ಪೂರ್ತಿ, ಬಿಸ್ಕೆಟ್ ರೊಟ್ಟಿಯ ಹಿಟ್ಟು ಪೂರ್ತಿ, ಬೆಣ್ಣೆ ಕಾಗದ ಸಮೇತ.

ದಿನವೆಲ್ಲ ವೃದ್ಧಾಶ್ರಮದ ಲಾಂಡ್ರಿಯಲ್ಲಿ ಬೇರೆಯವರ ಹೊದಿಕೆ ಒಗೆಯುತ್ತೇನೆ. ಮನೆಗೆ ಬಂದು ನಾಯಿಯ ಜೊಲ್ಲು ಒರೆಸುತ್ತೇನೆ. ಒಳ್ಳೆಯ ಬಾಳು.

ಕೆಸ್ಸಿಗೆ ಹೇಳಿದೆ: "ನಿನ್ನ ರತ್ನ ಏನ್ ಮಾಡಿದೆ ನೋಡು."

"ಅದಕ್ಕೆ ಹಸಿವಾಗಿತ್ತು. ನೀನ್ ಊಟ ಹಾಕಲ್ಲ."

"ನಾನ್ ಹಾಕ್ದೆ ಬೇರೆ ಯಾರ್ ಹಾಕ್ತಿದಾರೆ ಈ ಮನೇಲಿ?"

ಬಾಗಿಲು ಬಡಿದಳು. ಹನ್ನೆರಡು ತುಂಬಿದಂದಿನಿಂದ ನನ್ನೊಂದಿಗೆ ಅವಳ ಮಾತೆಂದರೆ ಬಾಗಿಲಿನ ಸದ್ದೇ. ಆದರೆ ಬಾಗಿಲಾಚೆ ಆ ನಾಯಿಯ ಜೊತೆ ಗುಸುಗುಸು. ಶಾಲೆಯಲ್ಲಿ ಯಾರು ಏನಂದರು, ಯಾವ ಟೀಚರ್ ಕೆಟ್ಟವಳು, ಎಲ್ಲ. ಒಗೆದ ಟವೆಲ್ ಹಿಡಿದು ಹೊರಗೆ ನಿಂತು ಕೇಳಿದೆ. ನನಗೆ ಒಂದೂ ಹೇಳಿಲ್ಲ ಇವಳು.

ಏಪ್ರಿಲ್ 7, ಈಸ್ಟರ್

ಹೋಬರ್ಟ್ ಊಟಕ್ಕೆ ಬಂದಿದ್ದ. ಅವನ ಹೆಂಡತಿ ಲೂರೀನ್ ಬರಲಿಲ್ಲ— ತಲೆನೋವಂತೆ. ಅತ್ತೆ ಸತ್ತ ವಾರದಲ್ಲೇ ಅವರು ಹೊಲೆದ ಕೌದಿಗಳನ್ನೆಲ್ಲ ಕಾರಿಗೆ ತುಂಬಿಕೊಂಡು ಹೋದಾಗಿನಿಂದ ನನ್ನ ಓರಗಿತ್ತಿಗೆ ಪ್ರತಿ ಹಬ್ಬಕ್ಕೂ ತಲೆನೋವು.

ಕೆಸ್ಸಿ ನಾಯಿಯ ಕುತ್ತಿಗೆಗೆ ಹಳದಿ ರಿಬ್ಬನ್ ಕಟ್ಟಿದ್ದಳು. ಹೋಬರ್ಟ್ ಬಾಗಿಲಲ್ಲೇ ನಿಂತು ನಕ್ಕ.

"ಲೋ ಡೆಲ್ಮರ್, ಬೇಟೆನಾಯಿಗೆ ಸೋಫಾ ಏನೋ? ರಿಬ್ಬನ್ ಬೇರೆ! ನಾಳೆ ಲಿಪ್‌ಸ್ಟಿಕ್ ಹಚ್ತೀರಾ?"

ಡೆಲ್ಮರೂ ನಕ್ಕ. ಅವನ ಅಣ್ಣ ನಕ್ಕಾಗ ನಗುತ್ತಾನೆ, ಕೆಮ್ಮಿದಾಗ ಕೆಮ್ಮುತ್ತಾನೆ. ಕಲ್ಲಿನ ಕ್ವಾರಿಯಲ್ಲಿ ಹೋಬರ್ಟ್ ಮೇಸ್ತ್ರಿ, ಇವನು ಲಾರಿ ಓಡಿಸುವವನು. ಮನೆಯಲ್ಲೂ ಅದೇ ಲೆಕ್ಕ.

ನಾಯಿ ಅವನ ದನಿ ಕೇಳಿದ್ದೇ ಮೇಜಿನ ಕೆಳಗೆ ನುಗ್ಗಿತು. ಹೊಟ್ಟೆ ನೆಲಕ್ಕೆ ಹಚ್ಚಿ. ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಹೋಬರ್ಟ್ ಬೂಟಿನ ತುದಿಯಿಂದ ತಿವಿದ. ಜೋರಾಗಿ ಅಲ್ಲ. ಅಭ್ಯಾಸದಿಂದ, ಖಾಲಿ ಡಬ್ಬ ತಳ್ಳುವ ಹಾಗೆ.

"ಕಾಲು ಸುಮ್ನೆ ನೆಲದ ಮೇಲೆ ಇಟ್ಕೊಂಡು ಕೂತ್ಕೊಳ್ಳಿ ಭಾವ" ಎಂದೆ.

"ನಿನ್ನ ಹೆಂಡ್ತಿಗೆ ನಾಯಿ ಮೇಲೆ ಪ್ರೀತಿ ಬಂದುಬಿಟ್ಟಿದೆಯಲ್ಲೋ!"

"ಪ್ರೀತಿಯಲ್ಲ. ಒರೆಸೋಳು ನಾನು."

ಒರೆಸಿದೆ. ಮೊಣಕಾಲೂರಿ, ಹಬ್ಬದ ಉಡುಪಿನಲ್ಲಿ. ಅವರಿಬ್ಬರೂ ನನ್ನ ತಲೆಯ ಮೇಲಿಂದ ಆಲೂಗಡ್ಡೆಯ ಪಾತ್ರೆ ದಾಟಿಸಿಕೊಂಡರು.

ಮೇ 22

ಎರಡು ದಿನದಿಂದ ನಾಯಿ ಇಲ್ಲ. ಬೇಲಿಯ ಕೆಳಗೆ ತೋಡಿ ಯಾವುದೋ ವಾಸನೆಯ ಹಿಂದೆ ಹೋಗಿದೆ. ಮೂಗು ನೆಲಕ್ಕೆ ಹತ್ತಿದರೆ ಇವಕ್ಕೆ ಕಿವಿ ಇರುವುದಿಲ್ಲವಂತೆ. ಡೆಲ್ಮರ್ ಟ್ರಕ್ ತೆಗೆದುಕೊಂಡು ಹುಡುಕುತ್ತಿದ್ದಾನೆ. ಕೆಸ್ಸಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಾಳೆ.

ನಾನು? ಚೆನ್ನಾಗಿ ನಿದ್ದೆ ಮಾಡಿದೆ. ಇಲ್ಲಿ ಸುಳ್ಳು ಬರೆದು ಯಾರನ್ನು ಮೆಚ್ಚಿಸಬೇಕು?

ಮೇ 23

ಬಂತು. ಮೈತುಂಬ ಮುಳ್ಳು, ಉಣ್ಣೆಹುಳ, ಸತ್ತ ಏನೋ ಒಂದರ ಮೇಲೆ ಹೊರಳಿದ ನಾತ. ಬಂದು ನನ್ನ ಕಾಲ ಮೇಲೇ ಕೂತಿತು. ಉಳಿದ ಇಬ್ಬರನ್ನು ಬಿಟ್ಟು.

ಉಣ್ಣೆ ಕೀಳುತ್ತ ಕೂತಾಗ ರೇಗಿ ಹೇಳಿದೆ, ಎಲ್ಲರ ಎದುರಿಗೆ: "ಒಂದಿನ ಇದನ್ನ ಕಾರಲ್ಲಿ ಹಾಕ್ಕೊಂಡು ಹೋಗಿ, ದಾರಿ ಗೊತ್ತಾಗದಷ್ಟು ದೂರ ಬಿಟ್ಟು ಬರ್ತೀನಿ. ನೋಡ್ತಿರಿ."

ಕೆಸ್ಸಿ ನನ್ನನ್ನೇ ನೋಡಿದಳು. ಬಾಗಿಲು ಬಡಿಯಲಿಲ್ಲ ಈ ಸಲ. ಅದು ಇನ್ನೂ ಕೆಟ್ಟದ್ದು.

ಜುಲೈ 2

ಸೆಕೆ. ಲಾಂಡ್ರಿಯಲ್ಲಿ ಒಬ್ಬಳು ತಲೆಸುತ್ತಿ ಬಿದ್ದಳು. ಸೋಫಾದ ಒಂದು ದಿಂಬು ಈಗ ದಿಂಬಲ್ಲ, ಬರೀ ಹತ್ತಿ. ಟ್ರೂಲಾ ಮಾತು ಬಿಟ್ಟಿದ್ದಾಳೆ. ಇದೊಂದು ಲಾಭ.

ಆಗಸ್ಟ್ 17, ಶನಿವಾರ, ಬೆಳಿಗ್ಗೆ

ಅಕ್ಷರ ಸೊಟ್ಟ ಬಂದರೂ ಈಗಲೇ ಬರೆಯಬೇಕು.

ಬೆಳಕು ಹರಿಯುವ ಹೊತ್ತು. ಕೋಳಿಗೂಡಿನ ಕಡೆ ಗಲಾಟೆ. ಇದೇ ತಿಂಗಳು ರಕೂನ್ ಬಂದು ನನ್ನ ಒಳ್ಳೆಯ ಕೋಳಿಗಳನ್ನು ಕೊಂದು, ತಲೆ ಮಾತ್ರ ತಿಂದು, ಉಳಿದದ್ದನ್ನು ಬಿಟ್ಟು ಹೋಗಿತ್ತು. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಕಳ್ಳ. ಪೊರಕೆ ಹಿಡಿದು ಓಡಿದೆ. ನಾಯಿ ನನ್ನನ್ನು ದಾಟಿ ಹೋಯಿತು. ಹಾಗೆ ಓಡಬಲ್ಲದು ಎಂದು ಗೊತ್ತಿರಲಿಲ್ಲ, ಸೋಫಾದಿಂದ ಬಟ್ಟಲಿಗೆ ನಡೆಯುವುದನ್ನು ಮಾತ್ರ ಕಂಡಿದ್ದೆ.

ಅಕ್ರೋಟು ಮರ. ರಕೂನ್ ಮೇಲೆ. ನಾಯಿ ಮುಂಗಾಲೆರಡನ್ನೂ ಕಾಂಡಕ್ಕೆ ಊರಿ, ತಲೆ ಹಿಂದಕ್ಕೆ ಎಸೆದು, ಬಾಯಿ ಬಿಟ್ಟಿತು.

ಈ ಐದು ತಿಂಗಳು ಕೇಳಿದ್ದು ಅದರ ದನಿಯೇ ಅಲ್ಲ. ಅದು ಅಳು. ಇದು ಬೇರೆ. ಎದೆಗೂಡಿನೊಳಗೆ ಗಂಟೆ ಹೊಡೆದ ಹಾಗೆ, ಒಂದರ ಹಿಂದೊಂದು, ತಪ್ಪದೆ. ನಾನು ಪೊರಕೆ ಹಿಡಿದು ರಾತ್ರಿಯ ಉಡುಪಿನಲ್ಲಿ ನಿಂತೇ ಇದ್ದೆ. ಡೆಲ್ಮರ್ ಚಡ್ಡಿಯಲ್ಲಿ ಓಡಿ ಬಂದ. ಕೆಸ್ಸಿ ಬರಿಗಾಲಲ್ಲಿ. ಕಣಿವೆಯ ಎಲ್ಲ ಮನೆಗಳಲ್ಲೂ ದೀಪ ಹತ್ತಿದವು.

"ಕೂಗ್ತಿದೆ ಅಪ್ಪಾ! ಓಪಲ್ ಕೂಗ್ತಿದೆ!" ಎಂದಳು ಕೆಸ್ಸಿ. ಡೆಲ್ಮರ್ ಕಣ್ಣಲ್ಲಿ ನೀರು. ಮೂರ್ಖ.

ಕೋಳಿ ಉಳಿದವು. ಅಷ್ಟೇ. ಒಂದು ಮೊಟ್ಟೆ ಒಡೆದು ಅದರ ಬಟ್ಟಲಿಗೆ ಹಾಕಿದೆ. ಬಿರುಕು ಬಿಟ್ಟ ಮೊಟ್ಟೆ, ಹೇಗೂ ಎಸೆಯಬೇಕಿತ್ತು.

ಆಗಸ್ಟ್ 25, ಭಾನುವಾರ

ಡೆಲ್ಮರನ ಬಾಯಿ ಸುಮ್ಮನಿರಬೇಕಲ್ಲ. ವಾರವೆಲ್ಲ ಕ್ವಾರಿಯಲ್ಲಿ ಅದೇ ಸುದ್ದಿಯಂತೆ. ಇವತ್ತು ಚರ್ಚಿನ ಅಂಗಳದಲ್ಲೂ ಗಂಡಸರು ಸುತ್ತ ನಿಂತು ಕೇಳಿದರು. "ಹೋಬರ್ಟ್ ಬೇಡ ಅಂದ ನಾಯೀನಾ? ಅಯ್ಯೋ, ಅವನಿಗೆ ಕಿವಿ ಇಲ್ವೇನ್ರೋ!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಹೋಬರ್ಟ್ ಪಕ್ಕದಲ್ಲೇ ಇದ್ದ. ಅವನು ನಗಲಿಲ್ಲ.

ಅವನ ಮುಖ ನೋಡಿದೆ. ಮನೆಗೆ ಬಂದವಳೇ ಗೇಟಿನ ಚಿಲಕ ಹಾಕಿದೆ.

ಸೆಪ್ಟೆಂಬರ್ 1, ಭಾನುವಾರ

ಬಂದೇ ಬಂದ. ಟ್ರಕ್ಕಿನ ಹಿಂದೆ ನಾಯಿಪೆಟ್ಟಿಗೆ ಹೇರಿಕೊಂಡು.

"ಡೆಲ್ಮರ್, ನನ್ನ ನಾಯಿ ಹತ್ತಿಸು."

"ಯಾವ ನಾಯಿ ನಿಮ್ದು?" ಎಂದೆ ನಾನು. ಡೆಲ್ಮರ್ ಬಾಯಿ ತೆರೆಯುವ ಮೊದಲೇ.

"ಮಧ್ಯೆ ಬರಬೇಡ ವೆಲ್ಡಾ. ಕಾಗದ ನನ್ನ ಹೆಸರಲ್ಲಿದೆ. ಅದರ ಅಪ್ಪ ಯಾರು, ಅಮ್ಮ ಯಾರು, ಎಲ್ಲ ಬರೆದಿದೆ."

"ಬಂದೂಕು ಹೆಗಲಿಗೆ ಹಾಕ್ಕೊಂಡಾಗ ಆ ಕಾಗದ ಎಲ್ಲಿತ್ತು?"

"ನಾಯಿ ಅಂದ್ರೆ ಏನು ಅಂತ ನಿಂಗೆ ಗೊತ್ತಾ? ಸೋಫಾ ಮೇಲೆ ಮಲಗ್ಸಿ ಹಾಳು ಮಾಡ್ತಿದೀಯ. ನೀನೇ ಬಯ್ಯೋದು ಕಣಿವೆಗೆಲ್ಲಾ ಕೇಳ್ಸತ್ತೆ. ನಿಂಗೂ ಪೀಡೆ ತೊಲಗತ್ತೆ, ನಂಗೂ ನಾಯಿ ಸಿಗತ್ತೆ. ಏನ್ ಕಷ್ಟ?"

ನಿಜ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಇನ್ನೂ ರೇಗಿತು.

"ಬಯ್ಯೋದು ನನ್ನ ನಾಯೀನ" ಎಂದೆ. "ನಿಮ್ಮ ನಾಯಿ ಆದ್ರೆ ಬಯ್ಯೋಕೂ ನಂಗೆ ಪುರಸೊತ್ತಿಲ್ಲ. ಗಾಡಿ ತಿರುಗ್ಸಿ."

ಒಳಗೆ ಕೆಸ್ಸಿ ನಾಯಿಯ ಬಾಯಿ ಮುಚ್ಚಿ ಹಿಡಿದು ಕೂತಿದ್ದಳು. ಡೆಲ್ಮರ್ ತನ್ನ ಬೂಟು ನೋಡುತ್ತ ನಿಂತಿದ್ದ. ಹೋಬರ್ಟ್ ನನ್ನನ್ನು ಬಿಟ್ಟು ಅವನಿಗೆ ಹೇಳಿದ, ಮೆಲ್ಲಗೆ: "ನಾಳೆ ಕ್ವಾರೀಲಿ ಮಾತಾಡೋಣ."

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, "ಬಾಯಿ ಇರ್ಲಿಲ್ವಾ ನಿಂಗೆ?"

"ಅವನು ನನ್ನಣ್ಣ, ವೆಲ್ಡಾ."

"ನಾನು?"

ಬೀನ್ಸ್ ಮೇಲೆ ಮೆಣಸಿನ ಪುಡಿ ಉದುರಿಸಿಕೊಂಡ.

ಸೆಪ್ಟೆಂಬರ್ 17, ಮಂಗಳವಾರ

ನಾಯಿ ಇಲ್ಲ. ಕೆಲಸದಿಂದ ಬಂದಾಗ ಸೋಫಾ ಖಾಲಿ. ಬೇಲಿಯ ಕೆಳಗೆ ತೋಡಿದ ಗುರುತಿಲ್ಲ.

ಡೆಲ್ಮರ್: "ಯಾವ್ದೋ ವಾಸನೆ ಹಿಂದೆ ಹೋಗಿರತ್ತೆ. ಬರತ್ತೆ ಬಿಡು."

ಸೆಪ್ಟೆಂಬರ್ 20

ಬಂದಿಲ್ಲ.

ಬೆಳಿಗ್ಗೆ ತಿಂಡಿಗೆ ಕೂತಾಗ ಕೆಸ್ಸಿ ತಟ್ಟೆ ಮುಟ್ಟದೆ ನನ್ನನ್ನು ನೋಡುತ್ತಿದ್ದಳು.

"ಎಲ್ಲಿ ಬಿಟ್ಟು ಬಂದೆ?"

"ಏನು?"

"ದಾರಿ ಗೊತ್ತಾಗದಷ್ಟು ದೂರ ಬಿಡ್ತೀನಿ ಅಂದಿದ್ದೆ. ಎಲ್ಲಿ ಬಿಟ್ಟೆ? ಅದೊಂದು ಹೇಳು. ನಾನೇ ಹೋಗಿ ಹುಡುಕ್ತೀನಿ."

"ಕೆಸ್ಸಿ, ನಾನು ಮುಟ್ಟಿಲ್ಲ ಅದನ್ನ."

"ಸುಳ್ಳಿ."

ನನ್ನ ಮಗಳು. ಆ ಮಾತನ್ನು ಕೂಗಿ ಹೇಳಿದ್ದರೆ ಕೆನ್ನೆಗೆ ಹೊಡೆಯುತ್ತಿದ್ದೆನೋ ಏನೋ. ಮೆತ್ತಗೆ ಹೇಳಿದಳು. ನಾನು ಡೆಲ್ಮರ್ ಕಡೆ ನೋಡಿದೆ, ನೀನಾದರೂ ಹೇಳು ಎಂದು. ಅವನು ಬಿಸ್ಕೆಟಿಗೆ ಸೇಬಿನ ಜ್ಯಾಮ್ ಸವರುತ್ತಿದ್ದ. ಅಂಚಿನವರೆಗೂ, ನಿಧಾನವಾಗಿ, ಒಂದು ಚೂರೂ ಬಿಡದೆ.

"ನಿಮ್ಮಮ್ಮ ಹಂಗೆ ಮಾಡಲ್ಲ ಅನ್ಸತ್ತೆ" ಎಂದ ಕೊನೆಗೆ.

ಅನ್ಸತ್ತೆ!

ಸೆಪ್ಟೆಂಬರ್ 24

ನಾನು ಮಾಡಿದ ಅಡಿಗೆ ಅವಳು ತಿನ್ನುವುದಿಲ್ಲ. ಶಾಲೆಯಲ್ಲಿ ಕೊಟ್ಟದ್ದು, ಇಲ್ಲವೇ ಬರೀ ಬ್ರೆಡ್ಡು. ಕಾಗದದ ಮೇಲೆ ನಾಯಿಯ ಚಿತ್ರ ಬರೆದು, ಕೆಳಗೆ ಕಂಡವರು ತಿಳಿಸಿ ಎಂದು ಗೀಚಿ, ಊರಿನ ಅಂಗಡಿಗಳ ಬಾಗಿಲಿಗೆಲ್ಲ ಅಂಟಿಸಿದ್ದಾಳೆ. ಕಿವಿ ತೀರ ಉದ್ದ ಬಂದಿದೆ. ಉಳಿದದ್ದು ಸರಿಯಾಗಿದೆ. ಲಾಂಡ್ರಿಯ ಹೆಂಗಸರು ಕೇಳಿದರು: "ಅಂತೂ ಮಾಡಿಬಿಟ್ಯಾ ವೆಲ್ಡಾ?" ತಮಾಷೆಗೆ. ನಾನು ಅಷ್ಟು ಸಲ ಹೇಳಿದ್ದೇನೆ ಅವರ ಮುಂದೆ. ಯಾರಾದರೂ ನಂಬುತ್ತಾರೆ.

ಕೆಲಸ ಮುಗಿಸಿ ನೇರ ಮನೆಗೆ ಬರಲಿಲ್ಲ. ತೊರೆಯ ಹಾದಿಯಲ್ಲಿ ಕಾರು ನಿಲ್ಲಿಸಿ, ಬಟ್ಟಲು ಬಡಿಯುತ್ತ ಕಾಡಿನಂಚಿನಲ್ಲಿ ನಡೆದೆ. ಹೆಸರು ಹಿಡಿದು ಕೂಗಿದೆ. ಗಂಟಲು ಕಟ್ಟಿದೆ. ಮನೆಯಲ್ಲಿ ಶೀತ ಎಂದೆ.

ಯಾಕೆ ಹೋದೆ, ಗೊತ್ತಿಲ್ಲ. ಮಗಳಿಗಾಗಿ ಎಂದು ಬರೆದುಕೊಳ್ಳಬಹುದು. ಅರ್ಧ ನಿಜ.

ಅಕ್ಟೋಬರ್ 3, ಗುರುವಾರ

ಮನೆಯಲ್ಲಿ ಮೂವರು, ಮೂರು ಕೋಣೆ. ಡೆಲ್ಮರ್ ಹೊರಗೆ ಟ್ರಕ್ಕಿನ ಕೆಳಗೆ ಮಲಗಿ ಇಲ್ಲದ ರಿಪೇರಿ ಮಾಡುತ್ತಾನೆ. ಸೋಫಾ ಖಾಲಿ ಇದೆ. ಯಾರೂ ಕೂರುವುದಿಲ್ಲ. ಕೂದಲು ಅಂಟಿದ ಹೊದಿಕೆ ಒಗೆಯಲು ತೆಗೆದೆ, ಕೆಸ್ಸಿ ಕೈಯಿಂದ ಕಿತ್ತುಕೊಂಡು ಹೋದಳು.

ಅಕ್ಟೋಬರ್ 4, ಶುಕ್ರವಾರ

ಎಲ್ಲವನ್ನೂ ಸರಿಯಾಗಿ ಬರೆಯಬೇಕು. ಮೊದಲಿಂದ.

ಲಾಂಡ್ರಿಯ ಯಂತ್ರ ಕೆಟ್ಟು ಬೇಗ ಬಿಟ್ಟರು. ಮಧ್ಯಾಹ್ನ. ದೊಡ್ಡ ರಸ್ತೆಯಲ್ಲಿ ಸೇತುವೆ ಕೆಲಸ, ಅದಕ್ಕೆ ಗುಡ್ಡದಾಚೆಯ ರಸ್ತೆ ಹಿಡಿದೆ. ಹೋಬರ್ಟ್ ಮನೆಯ ಕಡೆಯದು. ವರ್ಷಗಳಿಂದ ಆ ಕಡೆ ಹೋಗಿರಲಿಲ್ಲ. ಕಿಟಕಿ ಇಳಿಸಿದ್ದೆ.

ಕೇಳಿಸಿತು.

ಅವನ ಹತ್ತಿರ ನಾಯಿಗಳು ಹಿಂಡುಗಟ್ಟಲೆ ಇವೆ, ಎಲ್ಲವೂ ಕೂಗುತ್ತವೆ. ಆದರೆ ಹಿತ್ತಾಳೆ ಕೊಳವೆಯೊಳಗಿನ ಆ ಅಳು... ಅದಕ್ಕೆ ಶಾಪ ಹಾಕುತ್ತ ಅರ್ಧ ವರ್ಷ ಕಳೆದವಳು ನಾನು. ನನಗೆ ತಪ್ಪುತ್ತದೆಯೇ?

ಕಾರು ಒಳಗೆ ತಿರುಗಿಸಿದೆ. ಹೋಬರ್ಟನ ಟ್ರಕ್ ಇರಲಿಲ್ಲ, ಕ್ವಾರಿಯಲ್ಲಿದ್ದ. ಮನೆಯ ಹಿಂದೆ ತಂತಿಯ ಗೂಡುಗಳ ಸಾಲು. ಕೊನೆಯದರಲ್ಲಿ ಓಪಲ್. ಪಕ್ಕೆಲುಬು ಎಣಿಸಬಹುದು. ಕುತ್ತಿಗೆಯಲ್ಲಿ ಕರೆಂಟು ಹೊಡೆಯುವ ಪಟ್ಟಿ, ಅದರ ಕೆಳಗೆ ಹಸಿ ಗಾಯ. ನನ್ನನ್ನು ಕಂಡು ಕೂಗು ನಿಲ್ಲಿಸಿ ತಂತಿಗೆ ಮೂಗು ತೂರಿಸಿತು.

ಹಿಂದೆ ಬಾಗಿಲು ಕಿರ್ರೆಂದಿತು. ಲೂರೀನ್. ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ.

"ಬಂದ್ಯಾ ಅಂತೂ."

"ಕಳ್ಳರು ನೀವು" ಎಂದೆ. "ಗಂಡ ಹೆಂಡ್ತಿ ಇಬ್ರೂ. ಅವತ್ತು ಕೌದಿ, ಇವತ್ತು ನಾಯಿ."

"ಕೌದಿ ವಿಷಯ ಎತ್ತಿದ್ರೆ ಒಳಗೆ ಹೋಗ್ತೀನಿ. ಆಮೇಲೆ ನೀನುಂಟು, ಈ ಬೀಗ ಉಂಟು." ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಕದ್ದಿಲ್ಲ ವೆಲ್ಡಾ. ನಿನ್ನ ಗಂಡಾನೇ ತಂದ್ಬಿಟ್ಟಿದ್ದು."

"ಸುಳ್ಳು."

"ಹೋದ ತಿಂಗಳು ನಾನಿಲ್ಲೇ ಬಟ್ಟೆ ಒಣಗಿಸ್ತಿದ್ದೆ. ಮಂಗಳವಾರ. ಹಗ್ಗ ಹೋಬರ್ಟ್ ಕೈಗೆ ಕೊಟ್ಟ, ಟೋಪಿ ತೆಗೆದು ಮುಖ ಒರೆಸ್ಕೊಂಡ, ಹೋದ. ಟ್ರಕ್ ಹತ್ತೋವಾಗ ಮೆಟ್ಟಿಲು ತಪ್ಪಿದ್ದ ಪಾಪ."

ನಿಂತಲ್ಲೇ ನಿಂತಿದ್ದೆ. ನನ್ನನ್ನು ಚುಚ್ಚಿದ್ದು ನಾಯಿ ಹೋದದ್ದಲ್ಲ. ಆ ಬಿಸ್ಕೆಟ್. ಅಂಚಿನವರೆಗೂ ಸವರಿದ ಜ್ಯಾಮ್. ನನ್ನ ಮಗಳು ನನ್ನನ್ನು ಸುಳ್ಳಿ ಎಂದಾಗ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ತಿಂದ. ಅಂದಿನಿಂದ ಇಂದಿನವರೆಗೆ ನನ್ನ ಎದುರಿಗೆ ಕೂತು ಮೂರು ಹೊತ್ತೂ ತಿಂದ.

"ನಾಳೆ ಜಾರ್ಜಿಯಾದಿಂದ ಒಬ್ಬ ಬರ್ತಾನೆ" ಎಂದಳು ಲೂರೀನ್. "ದುಡ್ಡಿನ ಮಾತಾಗಿದೆ. ಕರ್ಕೊಂಡು ಹೋಗ್ತಾನೆ."

"ನೀನ್ಯಾಕೆ ನಂಗೆ ಹೇಳ್ತಿದೀಯ?"

"ಊಟ ಮಾಡಲ್ಲ ಇದು. ದಿನಪೂರ್ತಿ ಇದೇ ರಾಗ. ನಂಗೆ ತಲೆ ಒಡೆದು ಹೋಗ್ತಿದೆ." ಜೇಬಿನಿಂದ ಮಡಚಿದ ಕಾಗದ ತೆಗೆದಳು. ಕೆಸ್ಸಿ ಬರೆದ ಚಿತ್ರ. "ಅಂಗಡಿ ಬಾಗಿಲಲ್ಲಿತ್ತು. ಹೋಬರ್ಟ್ ಇದನ್ನ ನೋಡಿ ನಕ್ಕ. ಎಲ್ರೆದುರಿಗೆ ಓದಿ ಹೇಳಿ ನಕ್ಕ. ಅವತ್ತಿಂದ..." ಬಾಗಿಲ ಹಿಂದಿನ ಮೊಳೆಯಿಂದ ಬೀಗದ ಕೈ ತಂದು ಗೂಡು ತೆಗೆದಳು. ಪಟ್ಟಿಯನ್ನೂ ಅವಳೇ ಬಿಚ್ಚಿದಳು, ಗಾಯಕ್ಕೆ ತಾಗದ ಹಾಗೆ.

"ಅವನು ಕೇಳಿದ್ರೆ?"

"ವೆಲ್ಡಾ ಬಂದ್ಲು, ತೆಗೆದ್ಕೊಂಡು ಹೋದ್ಲು ಅಂತೀನಿ. ನಿನ್ನ ತಡೆಯೋರು ಯಾರು ಹುಟ್ಟಿದಾರೆ? ನಂಬ್ತಾನೆ."

ಥ್ಯಾಂಕ್ಸ್ ಎಂದು ಬಾಯಿ ತೆರೆದೆ.

"ಬೇಡ" ಎಂದಳು. "ನೀನಂದ್ರೆ ನಂಗೆ ಈಗ್ಲೂ ಆಗಲ್ಲ."

"ನಂಗೂ ಅಷ್ಟೆ" ಎಂದೆ. ಇಬ್ಬರೂ ನಿಜವನ್ನೇ ಹೇಳಿದೆವು. ನಾಯಿ ಅಷ್ಟರಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಕೂತಿತ್ತು.

ಅದೇ ದಿನ, ಸಂಜೆ

ಶಾಲೆಯ ಬಸ್ಸು ಬಂದಾಗ ನಾನು ಜಗಲಿಯಲ್ಲಿ ಅದರ ಕುತ್ತಿಗೆಗೆ ಮುಲಾಮು ಹಚ್ಚುತ್ತಿದ್ದೆ. ಕೆಸ್ಸಿ ಗೇಟಿನಲ್ಲೇ ಚೀಲ ಬಿಸಾಡಿದಳು. ಇಬ್ಬರೂ ಮಣ್ಣಿನಲ್ಲಿ ಉರುಳಾಡಿದರು. ಯಾರು ಅಳುತ್ತಿದ್ದಾರೆ, ಯಾರು ಕುಯ್‌ಗುಡುತ್ತಿದ್ದಾರೆ, ತಿಳಿಯಲಿಲ್ಲ.

ಆಮೇಲೆ ನನ್ನ ಹತ್ತಿರ ಬಂದಳು. ಗಾಯ ನೋಡಿದಳು. "ಎಲ್ಲಿತ್ತು?"

"ನಿಮ್ ದೊಡ್ಡಪ್ಪನ ಮನೇಲಿ."

"ನೀನ್ ಕೊಟ್ಟಿದ್ದಾ?"

ಇನ್ನೂ. ಇನ್ನೂ ಅದೇ ಪ್ರಶ್ನೆ. ಹೇಳಿಬಿಡಬಹುದಿತ್ತು, ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ಒಳ್ಳೆಯತನದಿಂದಲ್ಲ. ಅವನ ಬಾಯಿಂದಲೇ ಬರಲಿ ಎಂಬ ಹಟದಿಂದ.

"ಅಪ್ಪ ಬರ್ಲಿ. ಅವರ್ನೇ ಕೇಳು."

ಡೆಲ್ಮರ್ ಬಂದ. ಮೆಟ್ಟಿಲು ಹತ್ತಿ, ನಾಯಿಯನ್ನು ಕಂಡು, ಊಟದ ಡಬ್ಬಿ ಕೆಳಗಿಟ್ಟ. ಓಪಲ್ ಬಾಲ ಅಲ್ಲಾಡಿಸಿತು ಅವನಿಗೆ. ಅವನಿಗೇ! ನಾಯಿಗೆ ಬುದ್ಧಿಯಿಲ್ಲ.

"ಹೇಳು" ಎಂದೆ.

"ವೆಲ್ಡಾ, ಒಳಗೆ ಹೋಗಿ—"

"ಇಲ್ಲೇ. ಅವಳ ಎದುರಿಗೆ."

ಹೇಳಿದ. ನಿಂತುಕೊಂಡೇ. ಅಣ್ಣ ದಿನಾ ಕ್ವಾರಿಯಲ್ಲಿ ಎಲ್ಲರ ಮುಂದೆ ಆಡಿಕೊಂಡಿದ್ದು, ಹೆಂಡತಿಯ ಸೆರಗು ಹಿಡಿದವನು ಎಂದಿದ್ದು, ಒಳ್ಳೆಯ ಲಾರಿ ಕಿತ್ತುಕೊಂಡು ಬ್ರೇಕ್ ಹಿಡಿಯದ ಹಳೆಯದನ್ನು ಕೊಟ್ಟಿದ್ದು. ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದು.

"ಮತ್ತೆ ಅಮ್ಮನ್ನ ನಾನು ಸುಳ್ಳಿ ಅಂದಾಗ?" ಎಂದಳು ಕೆಸ್ಸಿ.

ದೊಡ್ಡ ಗಂಡಸು, ಕೈಯಲ್ಲಿ ಟೋಪಿ ಹಿಂಡುತ್ತ, ಹನ್ನೆರಡರ ಹುಡುಗಿಯ ಮುಂದೆ. ಕೆಸ್ಸಿ ನಾಯಿಯನ್ನು ಎಬ್ಬಿಸಿಕೊಂಡು ಒಳಗೆ ಹೋದಳು. ಬಾಗಿಲು ಬಡಿದ ಸದ್ದು. ಈ ಸಲ ಅದು ನನಗಾಗಿರಲಿಲ್ಲ.

ನಾನು ಕನಿಕರ ಪಡಲಿಲ್ಲ. "ಅವನು ಬರ್ತಾನೆ ಈಗ" ಎಂದೆ. "ಬಂದಾಗ ಏನ್ ಮಾಡ್ತೀಯೋ ಮಾಡು. ಮತ್ತೆ ಹಗ್ಗ ಕೊಟ್ರೆ ನೀನೂ ಅದೇ ಪೆಟ್ಟಿಗೇಲಿ ಕೂತ್ಕೊಂಡು ಹೋಗು. ವಾಪಸ್ ಬರ್ಬೇಡ."

6:30

ಅಡಿಗೆಮನೆಯ ಮೇಜಿನಲ್ಲಿ ಬರೆಯುತ್ತಿದ್ದೇನೆ. ಕೆಸ್ಸಿ ಆಗಲೇ ಬಂದು, ತಣ್ಣಗಾದ ಬೀನ್ಸ್ ಒಂದು ಬಟ್ಟಲು ಹಾಕಿಕೊಂಡು, ನನ್ನ ಎದುರಿಗೆ ಕೂತು ತಿಂದಳು. ಪೂರ್ತಿ. ಹೋಗುವಾಗ ಬಟ್ಟಲು ತೊಳೆದಿಟ್ಟಳು.

ಡೆಲ್ಮರ್ ಇನ್ನೂ ಹೊರಗಿನ ಮೆಟ್ಟಿಲ ಮೇಲೇ.

ಟ್ರಕ್ಕಿನ ಸದ್ದು. ತಿರುವಿನಲ್ಲಿ. ಒಳಗೆ ಓಪಲ್ ಮಂಚದ ಕೆಳಗೆ ನುಗ್ಗಿದ್ದು ಇಲ್ಲಿಗೆ ಕೇಳಿಸಿತು.

ಹೋಬರ್ಟನ ಟ್ರಕ್ಕಿನ ಬಾಗಿಲು ಬಡಿಯಿತು. "ಡೆಲ್ಮರ್! ಎಲ್ಲೋ ಆ ನಿನ್ನ ಹೆಂಡ್ತಿ? ಕಳ್ಳಿ! ನಾಯಿ ತೆಗಿ ಹೊರಗೆ."

ಡೆಲ್ಮರ್ ಎದ್ದ. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿದೆ. ಮೆಟ್ಟಿಲು ಇಳಿಯಲಿಲ್ಲ. ಪಕ್ಕಕ್ಕೂ ಸರಿಯಲಿಲ್ಲ.

"ನಾಯಿ ಇಲ್ಲೇ ಇರತ್ತೆ ಅಣ್ಣ."

"ಏನಂದೆ?"

"ಇಲ್ಲೇ ಇರತ್ತೆ. ಕೊಟ್ಟಿದ್ದೇ ತಪ್ಪು. ವೆಲ್ಡಾ ಕದ್ದಿಲ್ಲ. ಗಾಡಿ ಹತ್ತು."

ದನಿ ನಡುಗುತ್ತಿದೆ. ಆದರೂ ಹೇಳಿದ.

"ಹಂಗಾದ್ರೆ ಸೋಮವಾರದಿಂದ ಕ್ವಾರಿ ಕಡೆ ತಲೆ ಹಾಕ್ಬೇಡ."

"ಸರಿ."

ಅಷ್ಟೇ ಅಂದ. ಸರಿ. ಲಾರಿ ಹೋಯಿತು, ಕೆಲಸ ಹೋಯಿತು, ಚಳಿಗಾಲ ಬಾಗಿಲಲ್ಲಿದೆ. ನಾನು ಅವನನ್ನು ಕ್ಷಮಿಸಿಲ್ಲ. ಇವತ್ತಂತೂ ಇಲ್ಲ. ಸೋಫಾದಲ್ಲಿ ಮಲಗಲಿ, ನಾಯಿ ಬಿಟ್ಟುಕೊಟ್ಟರೆ.

ಹೋಬರ್ಟ್ ಇನ್ನೂ ಹೋಗಿಲ್ಲ. ಟ್ರಕ್ಕಿಗೆ ಒರಗಿ ನಿಂತು ಏನೇನೋ ಅನ್ನುತ್ತಿದ್ದಾನೆ. ನಮ್ಮತ್ತೆಯ ಹೆಸರು ಎತ್ತಿದ. ಈಗ ನನ್ನ ಹೆಸರು. ಡೆಲ್ಮರ್ ಒಬ್ಬನೇ ಎಷ್ಟು ಹೊತ್ತು ನಿಲ್ಲುತ್ತಾನೆ, ರೂಢಿಯಿಲ್ಲ ಅವನಿಗೆ. ಹೋಗುತ್ತೇನೆ. ಅವನಿಗೆ ಆಸರೆಯಾಗಲಿ ಎಂದಲ್ಲ. ಆ ಮನುಷ್ಯನಿಗೆ ನಾನು ಹೇಳಬೇಕಾದ ಮಾತು ಮದುವೆಯಾದಂದಿನಿಂದ ಬಾಕಿ ಇದೆ, ಮೊದಲನೆಯದು—